ಜೇಬಿನ ಫೋನು, ಕಚೇರಿಯ ಅಂಚೆ



ವೈದ್ಯರಾದ ನಾವು ರಕ್ತದೊತ್ತಡವನ್ನೋ ಮಧುಮೇಹವನ್ನೋ ಕುರಿತು ಮಾತನಾಡುತ್ತೇವೆಂದು ಬಂದವರಲ್ಲಿ ಮೊದಲೇ ಕ್ಷಮೆ ಕೋರುತ್ತೇವೆ. ಇಂದು ನಾವು ಆರಿಸಿಕೊಂಡ ವಿಷಯ ನಿಮ್ಮೆಲ್ಲರ ಜೇಬಿನಲ್ಲಿರುವ ಫೋನು. ಅದರೊಳಕ್ಕೆ ಕಚೇರಿಯ ಮಿಂಚಂಚೆ ಹೇಗೆ ಬಂದು ಸೇರುತ್ತದೆ, ಹಾಗೆ ಸೇರಿದ ಮೇಲೆ ಆ ಫೋನು ಯಾರದು ಎಂಬುದು ಪ್ರಶ್ನೆ. ಈ ಸಭೆಯಲ್ಲಿ ಗಣಕಯಂತ್ರದ ವೃತ್ತಿಯವರೇ ಅರ್ಧಕ್ಕಿಂತ ಹೆಚ್ಚು ಎಂಬುದನ್ನು ಬಲ್ಲೆವು. ಅವರ ಮುಂದೆ ವೈದ್ಯರು ಸರ್ವರಿನ ಮಾತೆತ್ತುವುದು ಕಮ್ಮಾರರ ಕೇರಿಯಲ್ಲಿ ಸೂಜಿ ಮಾರಿದಂತೆಯೇ ಸರಿ. ಆದರೂ ಸೂಜಿ ಚುಚ್ಚಿಸಿಕೊಂಡವರ ಅನುಭವಕ್ಕೂ ಒಂದಿಷ್ಟು ಬೆಲೆಯಿದೆಯೆಂದು ಧೈರ್ಯ ಮಾಡಿದ್ದೇವೆ.

೨೦೧೧ರ ಫೆಬ್ರವರಿ ತಿಂಗಳಿನ ಮಾತು. ಆಗ ನಮ್ಮದು ಐವರು ವೈದ್ಯರ ಪಾಲುದಾರಿಕೆಯ ಚಿಕಿತ್ಸಾಲಯ. ಹಿಂಬದಿಯ ಕೋಣೆಯಲ್ಲಿ, ಸ್ವಚ್ಛತೆಯ ಪೊರಕೆ ಬಕೆಟ್ಟುಗಳ ಪಕ್ಕದಲ್ಲಿ, ನಮ್ಮ ಮಿಂಚಂಚೆಯ ಸರ್ವರು ಇತ್ತು. ವಾರಕ್ಕೊಮ್ಮೆ ಒಬ್ಬ ತಂತ್ರಜ್ಞರು ಬಂದು ನೋಡಿ ಹೋಗುತ್ತಿದ್ದರು. ನೌಕರರು ತಮ್ಮ ಸ್ವಂತ ಫೋನುಗಳಿಗೆ ಕಚೇರಿಯ ಅಂಚೆಯನ್ನು ಜೋಡಿಸಿಕೊಳ್ಳಲು ನಾವೇ ಉತ್ತೇಜನ ಕೊಟ್ಟಿದ್ದೆವು. ಖರ್ಚು ಉಳಿಯಿತೆಂಬ ಸಮಾಧಾನವೂ ನಮಗಿತ್ತು, ಅದನ್ನು ಮುಚ್ಚಿಡುವುದಿಲ್ಲ. ಒಂದು ರಾತ್ರಿ ಹನ್ನೊಂದಕ್ಕೆ ನಮ್ಮ ಹಿರಿಯ ದಾದಿಯೊಬ್ಬರು ಮನೆಯ ದೂರವಾಣಿಯಿಂದ ಕರೆ ಮಾಡಿದರು. ವಿಮಾನ ನಿಲ್ದಾಣದಿಂದ ಬರುವಾಗ ಐಫೋನನ್ನು ಟ್ಯಾಕ್ಸಿಯಲ್ಲಿ ಮರೆತಿದ್ದರು. ಅದಕ್ಕೆ ಸಂಕೇತಪದವಿರಲಿಲ್ಲ, ಇರಬೇಕೆಂದು ನಾವು ವಿಧಿಸಿಯೂ ಇರಲಿಲ್ಲ. ಒಳಗೆ ರೋಗಿಗಳ ಹೆಸರು, ಪ್ರಯೋಗಾಲಯದ ವರದಿ, ಮರುದಿನದ ಭೇಟಿಗಳ ಪಟ್ಟಿ ಎಲ್ಲವೂ ಇದ್ದವು. ತಂತ್ರಜ್ಞರನ್ನು ಎಬ್ಬಿಸಿ ಕೇಳಿದೆವು. ‘ದೂರದಿಂದಲೇ ಅಳಿಸಿಬಿಡಬಹುದು, ಅಳಿಸಲೇ?’ ಎಂದರು. ‘ಅಳಿಸಿ’ ಎಂದೆವು. ಕೆಲವೇ ನಿಮಿಷಗಳಲ್ಲಿ ಕೆಲಸ ಮುಗಿಯಿತು.

ಮರುದಿನ ಮಧ್ಯಾಹ್ನ ಟ್ಯಾಕ್ಸಿಯ ಚಾಲಕ ಫೋನನ್ನು ತಂದು ಒಪ್ಪಿಸಿದ. ಅದು ಅಂಗಡಿಯಿಂದ ಆಗ ತಾನೇ ತಂದಂತೆ ಖಾಲಿಯಾಗಿತ್ತು. ದಾದಿಯ ತಂದೆ ಹಿಂದಿನ ವರ್ಷ ಮನಿಲಾದಲ್ಲಿ ತೀರಿಕೊಂಡಿದ್ದರು. ಕೊನೆಯ ವಾರದಲ್ಲಿ ಮೊಮ್ಮಕ್ಕಳಿಗಾಗಿ ಅವರು ಆಡಿದ ಮಾತುಗಳ ಚಿತ್ರಣ ಆ ಫೋನಿನಲ್ಲಿ ಮಾತ್ರ ಇತ್ತು. ಮನೆಯ ಗಣಕಕ್ಕೆ ಅದನ್ನು ಇಳಿಸಿಟ್ಟಿರಲಿಲ್ಲ. ಆಪಲ್ ಸಂಸ್ಥೆಯ ಐಕ್ಲೌಡ್ ಸೇವೆ ಆರಂಭವಾದದ್ದು ಅದೇ ವರ್ಷದ ಅಕ್ಟೋಬರಿನಲ್ಲಿ, ಎಂದರೆ ಎಂಟು ತಿಂಗಳು ತಡವಾಗಿ. ಆಕೆ ನಮ್ಮನ್ನು ದೂರಲಿಲ್ಲ. ‘ರೋಗಿಗಳ ವಿಷಯ ಹೊರಗೆ ಹೋಗಲಿಲ್ಲವಲ್ಲ, ಅಷ್ಟು ಸಾಕು’ ಎಂದರು. ಈ ವಿಷಯವನ್ನು ಆಮೂಲಾಗ್ರವಾಗಿ ತಿಳಿದುಕೊಳ್ಳಬೇಕೆಂದು ನಾವು ಹೊರಟದ್ದು ಅಂದಿನಿಂದ.

ಕಚೇರಿಯ ಅಂಚೆ ಜೇಬಿಗೆ ಇಳಿದ ಕಥೆಯನ್ನು ಸ್ವಲ್ಪದರಲ್ಲೇ ಹೇಳಿಬಿಡೋಣ. ನಾವು ಈ ದೇಶಕ್ಕೆ ಬಂದು ರೆಸಿಡೆನ್ಸಿ ಮಾಡುತ್ತಿದ್ದಾಗ ಸೊಂಟದಲ್ಲಿ ಪೇಜರು ಮಾತ್ರ ಇರುತ್ತಿತ್ತು. ಅದರಲ್ಲಿ ಕಾಣುತ್ತಿದ್ದದ್ದು ಒಂದು ದೂರವಾಣಿ ಸಂಖ್ಯೆ, ಅಷ್ಟೆ, ಕಳೆದರೆ ಕಳೆಯಿತು. ೧೯೯೯ರಲ್ಲಿ ಕೆನಡಾದ ವಾಟರ್ಲೂ ನಗರದ ರಿಸರ್ಚ್ ಇನ್ ಮೋಷನ್ ಸಂಸ್ಥೆ ಬ್ಲಾಕ್‌ಬೆರಿಯನ್ನು ಹೊರತಂದಿತು. ಕಚೇರಿಯೊಳಗೆ ಒಂದು ಪ್ರತ್ಯೇಕ ಸರ್ವರು, ನೌಕರನ ಕೈಯಲ್ಲಿ ಒಂದು ಉಪಕರಣ, ಎರಡಕ್ಕೂ ಮಾತ್ರ ಗೊತ್ತಿರುವ ಗೂಢಲಿಪಿಯ ಕೀಲಿ. ಉಪಕರಣವೂ ಬಹುಮಟ್ಟಿಗೆ ಕಚೇರಿಯದೇ ಆಗಿರುತ್ತಿದ್ದುದರಿಂದ ಒಡೆತನದ ಜಗಳವಿರಲಿಲ್ಲ. ೨೦೦೭ರಲ್ಲಿ ಐಫೋನ್ ಬಂತು. ೨೦೦೮ರ ಜುಲೈನಲ್ಲಿ ಅದರ ಎರಡನೆಯ ತಂತ್ರಾಂಶದೊಂದಿಗೆ ಮೈಕ್ರೋಸಾಫ್ಟಿನ ‘ಎಕ್ಸ್‌ಚೇಂಜ್ ಆಕ್ಟಿವ್‌ಸಿಂಕ್’ ಎಂಬ ವಿಧಾನವೂ ಸೇರಿತು. ಅಲ್ಲಿಂದ ಮುಂದೆ ಜನರು ತಮಗೆ ಬೇಕಾದ ಫೋನನ್ನು ತಾವೇ ಕೊಂಡು ತಂದು ‘ಇದಕ್ಕೆ ಅಂಚೆ ಜೋಡಿಸಿಕೊಡಿ’ ಎಂದು ಕೇಳತೊಡಗಿದರು. ಮೊದಲು ಕೇಳಿದವರು ಸಾಮಾನ್ಯವಾಗಿ ಕಚೇರಿಯ ಮುಖ್ಯಸ್ಥರೇ ಆಗಿದ್ದುದರಿಂದ ‘ಇಲ್ಲ’ ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ. ಹಳೆಯ ಬ್ಲಾಕ್‌ಬೆರಿಗಳ ಸೇವೆಯನ್ನು ೨೦೨೨ರ ಜನವರಿ ೪ರಂದು ಸಂಪೂರ್ಣವಾಗಿ ನಿಲ್ಲಿಸಲಾಯಿತು.

ಫೋನಿಗೆ ಅಂಚೆ ಬರುವ ರೀತಿಯಲ್ಲಿ ಒಂದು ಸ್ವಾರಸ್ಯವಿದೆ. ಸರ್ವರು ನಮ್ಮ ಫೋನನ್ನು ಹುಡುಕಿಕೊಂಡು ಬರುತ್ತದೆಯೆಂದು ಬಹಳ ಮಂದಿ ಭಾವಿಸುತ್ತಾರೆ. ಆಕ್ಟಿವ್‌ಸಿಂಕ್‌ನಲ್ಲಿ ಹಾಗಿಲ್ಲ, ಫೋನೇ ಸರ್ವರಿನ ಬಾಗಿಲಿಗೆ ಹೋಗಿ ಕುಳಿತಿರುತ್ತದೆ. ನಮ್ಮ ಊರುಗಳಲ್ಲಿ ಮಗನ ಮನಿಯಾರ್ಡರಿಗಾಗಿ ಕಾಯುವ ಅಜ್ಜ ಅಂಚೆ ಕಚೇರಿಯ ಜಗಲಿಯ ಮೇಲೆ ಕೂರುತ್ತಿದ್ದುದನ್ನು ನೆನೆಸಿಕೊಳ್ಳಿ. ‘ಬಂದರೆ ಹೇಳಪ್ಪ, ಅರ್ಧ ಗಂಟೆ ಕೂತಿರುತ್ತೇನೆ’ ಎನ್ನುತ್ತಾನೆ. ಅಂಚೆ ಬಂದರೆ ಪೋಸ್ಟ್‌ಮಾಸ್ತರರು ಕೂಡಲೇ ಕೂಗುತ್ತಾರೆ; ಬಾರದಿದ್ದರೆ ಗಡುವು ಮುಗಿದಾಗ ‘ಏನೂ ಇಲ್ಲ’ ಎನ್ನುತ್ತಾರೆ; ಅಜ್ಜ ಮತ್ತೆ ಅದೇ ಮಾತು ಹೇಳಿ ಮತ್ತೆ ಕೂರುತ್ತಾನೆ. ಫೋನು ದಿನವಿಡೀ ಮಾಡುವುದು ಇದನ್ನೇ. ಇದರಿಂದ ಭದ್ರತೆಗೆ ಒಂದು ಅನುಕೂಲವುಂಟು. ಸರ್ವರಿನ ಕೋಟೆಗೋಡೆಯಲ್ಲಿ ಒಂದೇ ಒಂದು ಬಾಗಿಲು, ತಂತ್ರಜ್ಞರ ಭಾಷೆಯಲ್ಲಿ ೪೪೩ನೆಯ ಪೋರ್ಟು, ತೆರೆದಿದ್ದರೆ ಸಾಕು. ಗೂಢಲಿಪಿಯಿಲ್ಲದ ಹಳೆಯ ಅಂಚೆ ವಿಧಾನಗಳ ೧೧೦, ೧೪೩ನೆಯ ಬಾಗಿಲುಗಳನ್ನು ಹೊರಗಿನವರಿಗೆ ಮುಚ್ಚಿಯೇ ಬಿಡಬಹುದು.

ಆ ಒಂದೇ ಬಾಗಿಲಿನಲ್ಲಿ ನಡೆಯುವ ಮಾತುಕತೆಯನ್ನು ಕಾಯುವುದು ಟಿಎಲ್‌ಎಸ್ ಎಂಬ ಗೂಢಲಿಪಿಯ ವಿಧಾನ. ವಿಮಾನ ನಿಲ್ದಾಣದ ಉಚಿತ ವೈಫೈಯಲ್ಲಿ ನಡುವೆ ಕುಳಿತ ಕಳ್ಳನಿಗೆ ಅಕ್ಷರವೂ ಅರ್ಥವಾಗದು. ಆದರೆ ಎದುರಿಗಿರುವುದು ನಮ್ಮ ಸರ್ವರೇ ಹೌದೆಂಬ ಖಾತರಿ ಇದ್ದರೆ ಮಾತ್ರ ಈ ರಕ್ಷಣೆ. ಆ ಖಾತರಿಯೇ ಪ್ರಮಾಣಪತ್ರ. ನಾವು ಹಣ ಉಳಿಸಲೆಂದು, ಯಾವ ಮಾನ್ಯ ಸಂಸ್ಥೆಯಿಂದಲೂ ಪಡೆಯದೆ, ನಮ್ಮ ಸರ್ವರು ತನಗೆ ತಾನೇ ಬರೆದುಕೊಂಡ ಪ್ರಮಾಣಪತ್ರವನ್ನೇ ಬಳಸುತ್ತಿದ್ದೆವು. ಫೋನುಗಳು ‘ಈ ಸರ್ವರಿನ ಗುರುತು ಖಚಿತವಿಲ್ಲ’ ಎಂದು ಎಚ್ಚರಿಸುತ್ತಿದ್ದವು. ನಾವು ನೌಕರರಿಗೆ ‘ಚಿಂತೆಯಿಲ್ಲ, ಮುಂದುವರಿಸಿ ಎಂಬುದನ್ನು ಒತ್ತಿ’ ಎಂದು ಹೇಳಿಕೊಡುತ್ತಿದ್ದೆವು! ರೋಗಿಗೆ ‘ಎದೆನೋವು ಬಂದರೆ ಲೆಕ್ಕಿಸಬೇಡಿ’ ಎಂದು ಕಲಿಸಿದಂತಾಯಿತು. ನಿಜವಾದ ವಂಚಕ ಬಂದ ದಿನವೂ ಅವರು ಅದನ್ನೇ ಒತ್ತುತ್ತಿದ್ದರು. ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ೨೦೧೫ರಿಂದ ಮಾನ್ಯ ಪ್ರಮಾಣಪತ್ರಗಳನ್ನು ಉಚಿತವಾಗಿಯೇ ನೀಡುತ್ತಿರುವುದರಿಂದ ಈಗ ಈ ಜಿಪುಣತನಕ್ಕೆ ನೆಪವೂ ಉಳಿದಿಲ್ಲ.

ಸರ್ವರನ್ನು ಸ್ವಂತ ಕೋಣೆಯಲ್ಲಿಟ್ಟುಕೊಂಡು ಸಾಕುವುದರ ಬಗೆಗೂ ಒಂದು ಮಾತು. ೨೦೨೧ರ ಮಾರ್ಚ್ ೨ರಂದು ಮೈಕ್ರೋಸಾಫ್ಟ್ ತನ್ನ ಎಕ್ಸ್‌ಚೇಂಜ್ ಸರ್ವರಿನ ಗಂಭೀರ ದೋಷಗಳಿಗೆ ತುರ್ತು ದುರಸ್ತಿಗಳನ್ನು ಬಿಡುಗಡೆ ಮಾಡಿತು. ಆ ವೇಳೆಗಾಗಲೇ ದಾಳಿ ಆರಂಭವಾಗಿತ್ತು. ಜಗತ್ತಿನಾದ್ಯಂತ ಸಾವಿರಾರು ಸಣ್ಣಪುಟ್ಟ ಕಚೇರಿಗಳ ಸರ್ವರುಗಳು ಪರರ ವಶವಾದವು. ಫೋನುಗಳಿಗೆಂದು ತೆರೆದಿಟ್ಟ ಅದೇ ೪೪೩ನೆಯ ಬಾಗಿಲಿನಿಂದಲೇ ಕಳ್ಳರು ನುಗ್ಗಿದ್ದರು. ವಾರಕ್ಕೊಮ್ಮೆ ಬಂದು ಹೋಗುವ ತಂತ್ರಜ್ಞರಿಂದ ಇಂಥದ್ದನ್ನು ತಡೆಯಲಾಗದು. ನಾವು ಅದಕ್ಕೆ ಮೊದಲೇ ನಮ್ಮ ಅಂಚೆಯನ್ನು ಬಾಡಿಗೆಯ ಮೇಘಸೇವೆಗೆ ಸಾಗಿಸಿದ್ದು ಜಾಣತನದಿಂದಲ್ಲ. ಪೊರಕೆಯ ಕೋಣೆಯಲ್ಲಿ ನೀರಿನ ಕೊಳವೆ ಒಡೆದದ್ದರಿಂದ. ಎಕ್ಸ್‌ಚೇಂಜ್ ೨೦೧೬ ಮತ್ತು ೨೦೧೯ರ ಆವೃತ್ತಿಗಳ ಸಾಮಾನ್ಯ ಬೆಂಬಲದ ಅವಧಿ ೨೦೨೫ರ ಅಕ್ಟೋಬರ್ ೧೪ಕ್ಕೆ ಮುಗಿದಿದೆ. ಇನ್ನೂ ಅವನ್ನು ನಡೆಸುತ್ತಿರುವ ಮಿತ್ರರು ದಯವಿಟ್ಟು ಗಮನಿಸಬೇಕು.

ಇನ್ನು ಬಾಗಿಲಿಗೆ ಬಂದವನು ಯಾರೆಂಬ ಪ್ರಶ್ನೆ. ಹಳೆಯ ಕ್ರಮದಲ್ಲಿ ಫೋನು ನಮ್ಮ ಪಾಸ್‌ವರ್ಡನ್ನು ತನ್ನಲ್ಲಿ ಇಟ್ಟುಕೊಂಡು ಪ್ರತಿ ಬಾರಿಯೂ ಸರ್ವರಿಗೆ ಒಪ್ಪಿಸುತ್ತಿತ್ತು. ಇದರ ತೊಂದರೆ ಎರಡು ಬಗೆಯದು. ಹೊರಗಿನ ಕಳ್ಳ ಸಾವಿರಾರು ಹೆಸರುಗಳಿಗೆ ಸಾಮಾನ್ಯವಾದ ಹತ್ತಾರು ಪಾಸ್‌ವರ್ಡುಗಳನ್ನು ಹಚ್ಚಿ ನೋಡಬಹುದು. ಎರಡನೆಯ ಪರೀಕ್ಷೆಯನ್ನು ಒಡ್ಡಲು ಆ ಕ್ರಮದಲ್ಲಿ ಜಾಗವೇ ಇರಲಿಲ್ಲ. ಇನ್ನೊಂದು ತೊಂದರೆ ಹಾಸ್ಯಾಸ್ಪದವಾದದ್ದು. ನಮ್ಮ ಪಾಲುದಾರರೊಬ್ಬರು ಪಾಸ್‌ವರ್ಡ್ ಬದಲಿಸಿದಾಗಲೆಲ್ಲ ಅವರ ಖಾತೆಗೆ ಬೀಗ ಬೀಳುತ್ತಿತ್ತು. ಮೂರು ವಾರ ಹುಡುಕಿದ ಮೇಲೆ ಗೊತ್ತಾಯಿತು: ಅವರ ಮೊಮ್ಮಗುವಿನ ಆಟದ ಬುಟ್ಟಿಯಲ್ಲಿದ್ದ ಹಳೆಯ ಟ್ಯಾಬ್ಲೆಟ್ ಒಂದು ಹಳೆಯ ಪಾಸ್‌ವರ್ಡನ್ನು ನಿಷ್ಠೆಯಿಂದ ಒಪ್ಪಿಸುತ್ತಲೇ ಇತ್ತು.

ಹೊಸ ಕ್ರಮದಲ್ಲಿ ಪಾಸ್‌ವರ್ಡನ್ನು ನೋಡುವುದು ಗುರುತು ಪರೀಕ್ಷಿಸುವ ಕೇಂದ್ರವೊಂದೇ. ಅದು ಫೋನಿಗೆ ಒಂದು ಬಿಲ್ಲೆಯನ್ನು ಕೊಡುತ್ತದೆ. ದೇವಸ್ಥಾನದ ಮುಂದೆ ಚಪ್ಪಲಿ ಬಿಡುವಾಗ ಕೊಡುತ್ತಾರಲ್ಲ, ಅಂಥದ್ದು: ಈ ಒಂದು ಕೆಲಸಕ್ಕೆ ಮಾತ್ರ ಸಲ್ಲುವುದು, ಬೇಕಾದಾಗ ರದ್ದು ಮಾಡಬಹುದಾದದ್ದು. ಬಿಲ್ಲೆ ಕೊಡುವ ಮೊದಲು ಎರಡನೆಯ ಗುರುತನ್ನೂ ಕೇಳಬಹುದು. ಮೈಕ್ರೋಸಾಫ್ಟ್ ತನ್ನ ಮೇಘಸೇವೆಯಲ್ಲಿ ಹಳೆಯ ಕ್ರಮವನ್ನು ೨೦೨೨ರ ಅಕ್ಟೋಬರ್ ೧ರಿಂದ ಶಾಶ್ವತವಾಗಿ ಮುಚ್ಚತೊಡಗಿತು. ಅಂದು ನಮ್ಮಲ್ಲಿ ನಾಲ್ಕಾರು ಹಳೆಯ ಫೋನುಗಳ ಅಂಚೆ ನಿಂತು ಗೊಣಗಾಟವಾದದ್ದು ಸತ್ಯ. ಎರಡನೆಯ ಗುರುತಿನಲ್ಲಿಯೂ ಒಂದು ಬಿರುಕಿತ್ತು. ಕಳ್ಳನು ನಡುರಾತ್ರಿಯಲ್ಲಿ ಮತ್ತೆ ಮತ್ತೆ ಅನುಮತಿ ಕೇಳಿಸಿದರೆ ನಿದ್ದೆಗಣ್ಣಿನವರು ಬೇಸತ್ತು ‘ಆಗಲಿ’ ಎಂದು ಒತ್ತಿಬಿಡುತ್ತಿದ್ದರು. ರಾತ್ರಿಪಾಳಿಯ ವೈದ್ಯರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ೨೦೨೩ರ ಮೇ ತಿಂಗಳಿನಿಂದ ಮೈಕ್ರೋಸಾಫ್ಟ್ ಪರದೆಯ ಮೇಲೆ ಕಾಣುವ ಅಂಕಿಯನ್ನು ಫೋನಿನಲ್ಲಿ ಬರೆಯಲೇಬೇಕೆಂದು ವಿಧಿಸಿದ್ದು ಇದಕ್ಕಾಗಿಯೇ.

ಈಗ ಫೋನು ಕಳೆದುಹೋಗುವ ಪ್ರಸಂಗಕ್ಕೆ ಬರೋಣ. ನಾವು ಕರ್ನಾಟಕದಲ್ಲಿ ಎಂ.ಬಿ.ಬಿ.ಎಸ್. ಓದುವಾಗ ರೋಗಿಯ ವಿವರದ ಹಾಳೆ ಮಂಚದ ಕಾಲಿಗೆ ನೇತಾಡುತ್ತಿತ್ತು. ಪಕ್ಕದ ಮಂಚದವರ ನೆಂಟರು ಓದಿ ನಮಗಿಂತ ಮೊದಲೇ ರೋಗನಿರ್ಣಯ ಹೇಳುತ್ತಿದ್ದರು. ಅಂಥಲ್ಲಿಂದ ಬಂದ ನಮಗೆ ಅಮೆರಿಕದ ಹಿಪಾ ಕಾನೂನಿನ ಬಿಗಿ ಮೊದಮೊದಲು ವಿಚಿತ್ರವೆನಿಸಿತ್ತು. ೧೯೯೬ರ ಆ ಕಾನೂನಿಗೆ ೨೦೦೯ರಲ್ಲಿ ಹಲ್ಲುಗಳು ಬಂದವು. ರೋಗಿಗಳ ಮಾಹಿತಿ ಸೋರಿದರೆ ಅರವತ್ತು ದಿನಗಳೊಳಗೆ ಅವರಿಗೆ ತಿಳಿಸಬೇಕು. ಒಂದೇ ರಾಜ್ಯದಲ್ಲಿ ಐನೂರಕ್ಕಿಂತ ಹೆಚ್ಚು ಮಂದಿಯಾದರೆ ಪತ್ರಿಕೆ, ಟಿವಿಗಳಿಗೂ ತಿಳಿಸಬೇಕು. ೨೦೦೯ರ ನವೆಂಬರಿನಲ್ಲಿ ಡಲ್ಲಾಸ್-ಫೋರ್ಟ್‌ವರ್ತ್ ವಿಮಾನ ನಿಲ್ದಾಣದಲ್ಲಿ ಡಲ್ಲಾಸಿನ ಮಕ್ಕಳ ಆಸ್ಪತ್ರೆಯ ಬ್ಲಾಕ್‌ಬೆರಿಯೊಂದು ಕಳೆಯಿತು. ಅದರಲ್ಲಿ ಸುಮಾರು ೩,೮೦೦ ಮಂದಿಯ ಮಾಹಿತಿಯಿತ್ತು. ಗೂಢಲಿಪಿಯೂ ಇಲ್ಲ, ಪಾಸ್‌ವರ್ಡೂ ಇಲ್ಲ. ೨೦೧೩ರಲ್ಲಿ ಅದೇ ಸಂಸ್ಥೆಯ ಲ್ಯಾಪ್‌ಟಾಪೊಂದು ಕಳುವಾಯಿತು. ಎರಡೂ ಸೇರಿ ೨೦೧೭ರಲ್ಲಿ ಸರ್ಕಾರ ವಿಧಿಸಿದ ದಂಡ ೩೨ ಲಕ್ಷ ಡಾಲರು. ಅಪಾಯವುಂಟೆಂದು ಆ ಸಂಸ್ಥೆಗೆ ೨೦೦೭ರಿಂದಲೇ ಗೊತ್ತಿತ್ತೆಂಬುದನ್ನು ತನಿಖೆ ದಾಖಲಿಸಿತು. ೨೦೧೬ರಲ್ಲಿ ಫಿಲಡೆಲ್ಫಿಯದ ಕ್ರೈಸ್ತ ಸೇವಾಸಂಸ್ಥೆಯೊಂದು ಒಂದೇ ಒಂದು ಐಫೋನಿನ ಕಳವಿಗಾಗಿ ೬,೫೦,೦೦೦ ಡಾಲರು ತೆತ್ತಿತು. ಅದರಲ್ಲಿದ್ದುದು ವೃದ್ಧಾಶ್ರಮಗಳ ೪೧೨ ನಿವಾಸಿಗಳ ಮಾಹಿತಿ. ಅದಕ್ಕೂ ಪಾಸ್‌ವರ್ಡ್ ಇರಲಿಲ್ಲ.

ಇಲ್ಲಿ ಒಂದು ಅಂಶವನ್ನು ಒತ್ತಿ ಹೇಳಬೇಕು. ಮಾಹಿತಿಯು ನಿಯಮಾನುಸಾರ ಗೂಢಲಿಪಿಯಲ್ಲಿದ್ದು ಕೀಲಿ ಕಳ್ಳನ ಕೈಸೇರದಿದ್ದರೆ, ಫೋನು ಕಳೆದದ್ದು ಕಾನೂನಿನ ದೃಷ್ಟಿಯಲ್ಲಿ ವರದಿ ಮಾಡಬೇಕಾದ ಸೋರಿಕೆಯೇ ಅಲ್ಲ. ಈಗಿನ ಐಫೋನುಗಳಲ್ಲಿಯೂ ಹೊಸ ಆಂಡ್ರಾಯ್ಡ್ ಫೋನುಗಳಲ್ಲಿಯೂ ಗೂಢಲಿಪಿ ಹುಟ್ಟಿನಿಂದಲೇ ಇರುತ್ತದೆ. ಆದರೆ ಸಂಕೇತಪದವಿಲ್ಲದ ಫೋನಿನಲ್ಲಿ ಅದು ಬೀಗ ಹಾಕಿ ಕೀಲಿಕೈಯನ್ನು ಅದರಲ್ಲೇ ಬಿಟ್ಟಂತೆ. ಆದ್ದರಿಂದ ಕನಿಷ್ಠ ಆರು ಅಂಕಿಗಳ ಸಂಕೇತ, ಎರಡು ಮೂರು ನಿಮಿಷಕ್ಕೆ ತಾನಾಗಿ ಬೀಳುವ ಬೀಗ, ತಯಾರಕರಿಂದ ಇನ್ನೂ ದುರಸ್ತಿಗಳು ಬರುತ್ತಿರುವ ಫೋನು, ಇವಿಷ್ಟಿಲ್ಲದವರಿಗೆ ಸರ್ವರು ಅಂಚೆಯನ್ನು ಕೊಡಲೇಬಾರದು. ಸರ್ವರು ಇದನ್ನು ತಾನೇ ಪರೀಕ್ಷಿಸಬಲ್ಲದು. ನಮ್ಮ ದಾದಿಯ ಫೋನಿಗೆ ಸಂಕೇತಪದ ಇದ್ದಿದ್ದರೆ ಆ ರಾತ್ರಿ ಅಳಿಸುವ ಅವಸರವೇ ಇರುತ್ತಿರಲಿಲ್ಲ, ಬೆಳಗಿನವರೆಗೆ ಕಾಯಬಹುದಿತ್ತು. ಆ ವಿಧಿಯನ್ನು ಹಾಕಬೇಕಾದವರು ನಾವು, ಹಾಕದೆ ಇದ್ದವರೂ ನಾವು.

ದೂರದಿಂದ ಅಳಿಸುವುದು ಹೇಗೆ ಅಷ್ಟು ಬೇಗ ಮುಗಿಯಿತೆಂದು ನಮಗೆ ಆಗ ಆಶ್ಚರ್ಯವಾಗಿತ್ತು. ವಾಸ್ತವವಾಗಿ ಫೋನು ಚಿತ್ರಗಳನ್ನೂ ಪತ್ರಗಳನ್ನೂ ಒಂದೊಂದಾಗಿ ಅಳಿಸುವುದಿಲ್ಲ. ಎಲ್ಲವನ್ನೂ ಓದಲು ಬೇಕಾದ ಕೀಲಿಯನ್ನು ನಾಶಮಾಡುತ್ತದೆ. ಅಕ್ಷರಗಳೆಲ್ಲ ಅಲ್ಲೇ ಇದ್ದರೂ ಯಾರಿಗೂ, ತಯಾರಿಸಿದವರಿಗೂ, ಓದಲಾಗದು. ‘ಹೇಗಾದರೂ ಮರಳಿ ಪಡೆಯಬಹುದೆ’ ಎಂದು ನಾವು ಮೂರು ಅಂಗಡಿಗಳನ್ನು ಅಲೆದು ಕೇಳಿದ್ದಕ್ಕೆ ಸಿಕ್ಕ ಉತ್ತರ ಇದೇ. ಆ ಆಜ್ಞೆಗೆ ಭಾಗಶಃ ಎಂಬುದು ಗೊತ್ತಿರಲಿಲ್ಲ. ಕಚೇರಿಯ ಅಂಚೆಯನ್ನು ಜೋಡಿಸಿಕೊಂಡ ಕ್ಷಣದಲ್ಲಿ ನೌಕರರು ತಮ್ಮ ಇಡೀ ಫೋನಿನ ಮೇಲೆ ನಮಗೆ ಈ ಅಧಿಕಾರ ಕೊಟ್ಟಿದ್ದರು. ಹಾಗೆ ಕೊಟ್ಟದ್ದು ಅವರಿಗೂ ತಿಳಿದಿರಲಿಲ್ಲ, ಪಡೆದದ್ದು ನಮಗೂ ಸರಿಯಾಗಿ ತಿಳಿದಿರಲಿಲ್ಲ. ಇಂಥದೇ ಪ್ರಕರಣವೊಂದು ಟೆಕ್ಸಾಸಿನ ಸಂಯುಕ್ತ ನ್ಯಾಯಾಲಯಕ್ಕೆ ಹೋಗಿತ್ತು. ಕೆಲಸ ಬಿಟ್ಟವನ ಸ್ವಂತ ಐಫೋನನ್ನು ಕಂಪನಿ ಅಳಿಸಿತ್ತು. ಕುಟುಂಬದ ಚಿತ್ರಗಳೆಲ್ಲ ಹೋಗಿದ್ದವು. ೨೦೧೪ರಲ್ಲಿ ನ್ಯಾಯಾಲಯ ಆತನ ಸಂಯುಕ್ತ ಕಾನೂನಿನ ವಾದಗಳನ್ನು ತಳ್ಳಿಹಾಕಿತು. ಕಾನೂನು ಕಂಪನಿಯ ಪಕ್ಷದಲ್ಲಿದ್ದ ಮಾತ್ರಕ್ಕೆ ಆದದ್ದು ನ್ಯಾಯವೆಂದು ನಮಗನ್ನಿಸುವುದಿಲ್ಲ.

ಇಂದು ಈ ಸಂಕಟಕ್ಕೆ ಪರಿಹಾರವಿದೆ. ಆಂಡ್ರಾಯ್ಡಿನಲ್ಲಿ ೨೦೧೪ರ ಐದನೆಯ ಆವೃತ್ತಿಯಿಂದ ‘ಕಚೇರಿಯ ಪಾರ್ಶ್ವ’ ಎಂಬ ಪ್ರತ್ಯೇಕ ವಿಭಾಗವನ್ನು ಮಾಡಬಹುದು. ಒಂದೇ ಮನೆಯಲ್ಲಿ ಅಡ್ಡಗೋಡೆ ಎಬ್ಬಿಸಿ ಎರಡು ಒಲೆ ಹೂಡಿದ ಹಾಗೆ. ಐಫೋನಿನಲ್ಲಿ ೨೦೧೯ರ ಹದಿಮೂರನೆಯ ಆವೃತ್ತಿಯಿಂದ ‘ಬಳಕೆದಾರ ನೋಂದಣಿ’ ಎಂಬ ಕ್ರಮ ಬಂದಿದೆ. ಕಚೇರಿಯ ಮಾಹಿತಿ ಬೇರೆ ಕೋಣೆಯಲ್ಲಿ, ಬೇರೆ ಕೀಲಿಯಡಿಯಲ್ಲಿ ಇರುತ್ತದೆ. ಅಳಿಸಿದರೆ ಆ ಕೋಣೆ ಮಾತ್ರ ಖಾಲಿಯಾಗುತ್ತದೆ. ಇಡೀ ಫೋನನ್ನು ಅಳಿಸುವ ಅಧಿಕಾರ ಕಚೇರಿಗೆ ಇರುವುದೇ ಇಲ್ಲ. ಇನ್ನೂ ಸರಳವಾದ ದಾರಿಯೆಂದರೆ ಔಟ್‌ಲುಕ್‌ನಂಥ ಒಂದೇ ತಂತ್ರಾಂಶದೊಳಗೆ ಕಚೇರಿಯ ಅಂಚೆಯನ್ನು ಕಟ್ಟಿಹಾಕುವುದು. ಅದಕ್ಕೆ ಬೇರೆಯ ಸಂಕೇತ, ಅಲ್ಲಿಂದ ಹೊರಗೆ ನಕಲು ಮಾಡಲು ತಡೆ, ಅಳಿಸಿದರೆ ಆ ತಂತ್ರಾಂಶದ ಮಾಹಿತಿ ಮಾತ್ರ. ನಮ್ಮಂಥ ಸಣ್ಣ ಸಂಸ್ಥೆಗಳಿಗೆ ಇದೇ ಸಾಕೆಂಬುದು ನಮ್ಮ ಅಭಿಪ್ರಾಯ. ಈಗ ನಾವು ಬಳಸುತ್ತಿರುವುದೂ ಇದನ್ನೇ.

‘ಕಚೇರಿಯವರು ನಮ್ಮ ಚಿತ್ರಗಳನ್ನೂ ವಾಟ್ಸ್ಯಾಪ್ ಮಾತುಗಳನ್ನೂ ನೋಡುತ್ತಾರೆಯೆ?’ ಎಂದು ಹಲವರು ಕೇಳುವುದುಂಟು. ಮೇಲೆ ಹೇಳಿದ ಮೂರು ಕ್ರಮಗಳಲ್ಲಿಯೂ ಇಲ್ಲ. ಫೋನಿನ ಬಗೆ, ತಂತ್ರಾಂಶದ ಆವೃತ್ತಿ, ಸಂಕೇತಪದವಿದೆಯೆ ಎಂಬಂಥವು ಮಾತ್ರ ತಿಳಿಯುತ್ತವೆ. ಆದರೆ ಕಚೇರಿಯ ಪತ್ರಗಳು ಕಚೇರಿಯವೇ. ಅದರಲ್ಲಿ ಸಂಸಾರದ ಗುಟ್ಟು ಬರೆಯುವ ಅಭ್ಯಾಸವಿದ್ದವರು ಬಿಡುವುದು ಒಳ್ಳೆಯದು. ಇಡೀ ಫೋನನ್ನೇ ಕಚೇರಿಯ ನಿರ್ವಹಣೆಗೆ ಒಪ್ಪಿಸಿ ಎಂದು ಕೇಳಿದರೆ ಮಾತ್ರ, ಬೇರೆ ಫೋನು ಕೊಡಿಸಿ ಎಂದು ವಿನಯದಿಂದ ಹೇಳಿ. ಕ್ಯಾಲಿಫೋರ್ನಿಯದ ಮೇಲ್ಮನವಿ ನ್ಯಾಯಾಲಯವು ೨೦೧೪ರಲ್ಲಿಯೇ, ಕೆಲಸಕ್ಕಾಗಿ ಸ್ವಂತ ಫೋನನ್ನು ಬಳಸಲೇಬೇಕಾದ ನೌಕರರಿಗೆ ಅದರ ವೆಚ್ಚದ ನ್ಯಾಯವಾದ ಪಾಲನ್ನು ಒಡೆಯರು ಕೊಡಬೇಕೆಂದು ತೀರ್ಪಿತ್ತಿದೆ. ಅಲ್ಲಿ ನೆಲೆಸಿರುವ ಕನ್ನಡಿಗರು ನೆನಪಿಡಬೇಕಾದ ಮಾತಿದು.

ಎರಡು ಸಣ್ಣ ಸಂಗತಿಗಳನ್ನು ಮರೆಯುತ್ತಿದ್ದೆವು. ಬೀಗ ಹಾಕಿದ ಪರದೆಯ ಮೇಲೂ ಪತ್ರದ ಮೊದಲ ಸಾಲು ಕಾಣುವಂತಿದ್ದರೆ ಗೂಢಲಿಪಿಯಿಂದ ಏನು ಬಂತು? ಒಮ್ಮೆ ಮದುವೆಯ ಊಟದ ಪಂಕ್ತಿಯಲ್ಲಿ ನಮ್ಮ ಫೋನು ಎಲೆಯ ಪಕ್ಕದಲ್ಲಿದ್ದಾಗ, ಸಭೆಯಲ್ಲಿಯೇ ಇದ್ದ ಒಬ್ಬರ ತಪಾಸಣೆಯ ಫಲಿತಾಂಶ ಅದರ ಮೇಲೆ ಮಿನುಗಿತು. ಪಕ್ಕದವರು ನೋಡಿದರೋ ಇಲ್ಲವೋ ನಮಗೆ ಇಂದಿಗೂ ತಿಳಿಯದು. ಅಂದಿನ ಹೋಳಿಗೆಯ ರುಚಿಯಂತೂ ತಿಳಿಯಲಿಲ್ಲ. ಇನ್ನೊಂದು, ಕೆಲಸ ಬಿಡುವವರ ಫೋನು. ಮೊದಲು ಖಾತೆಯನ್ನು ಮುಚ್ಚಿ ಆಮೇಲೆ ಅಳಿಸಲು ಹೋದರೆ ಹಳೆಯ ಕ್ರಮದಲ್ಲಿ ಆಜ್ಞೆ ಫೋನಿಗೆ ತಲಪುವುದೇ ಇಲ್ಲ. ಗುರುತು ಒಪ್ಪದ ಫೋನನ್ನು ಸರ್ವರು ಬಾಗಿಲಿನಿಂದಲೇ ಅಟ್ಟುತ್ತದೆ. ಒಳಗೆ ಬಾರದವನಿಗೆ ಆಜ್ಞೆ ಒಪ್ಪಿಸುವವರಾರು? ಅಂಚೆಯ ಹಳೆಯ ಪ್ರತಿ ಫೋನಿನಲ್ಲೇ ಉಳಿಯುತ್ತದೆ. ಮೊದಲು ಅಳಿಸುವ ಆಜ್ಞೆ, ಅದು ಮುಟ್ಟಿತೆಂಬ ಉತ್ತರ, ಆನಂತರ ಖಾತೆಗೆ ಬೀಗ. ಆಜ್ಞೆ ಇನ್ನೂ ಮುಟ್ಟಿಲ್ಲವೆಂದು ತಿಂಗಳುಗಟ್ಟಲೆ ಖಾತೆಯನ್ನು ತೆರೆದಿಡುವುದೂ ಸಲ್ಲದು.

ಈಗ ನಮ್ಮಲ್ಲಿ ಫೋನು ಜೋಡಿಸುವ ಮುನ್ನ ಒಂದು ಪುಟದ ಒಪ್ಪಂದವಿದೆ. ನಾವು ಏನನ್ನು ನೋಡಬಲ್ಲೆವು, ಏನನ್ನು ಅಳಿಸಬಲ್ಲೆವು, ಯಾರು ಆಜ್ಞೆ ಕೊಡಬಹುದು ಎಂಬುದು ಅದರಲ್ಲಿದೆ. ಫೋನು ಕಳೆದರೆ ಗಂಟೆಯೊಳಗೆ ತಿಳಿಸಿ, ತಿಳಿಸಿದ್ದಕ್ಕಾಗಿ ಯಾರನ್ನೂ ದಂಡಿಸುವುದಿಲ್ಲ ಎಂಬ ಸಾಲೂ ಇದೆ. ಆ ಸಾಲನ್ನು ಸೇರಿಸಬೇಕೆಂದು ಹಟ ಹಿಡಿದವರು ನಮ್ಮ ಆ ಹಿರಿಯ ದಾದಿಯೇ. ಆಕೆ ಇಂದಿಗೂ ನಮ್ಮಲ್ಲಿದ್ದಾರೆ. ಹೊಸದಾಗಿ ಸೇರಿದವರಿಗೆ ಒಪ್ಪಂದವನ್ನು ಓದಿ ವಿವರಿಸುವ ಕೆಲಸ ಅವರದು. ತಮ್ಮ ಸ್ವಂತ ಫೋನಿಗೆ ಮಾತ್ರ ಅವರು ಕಚೇರಿಯ ಅಂಚೆಯನ್ನು ಮತ್ತೆ ಜೋಡಿಸಿಕೊಂಡಿಲ್ಲ. ನಾವೂ ಕೇಳಿಲ್ಲ.